ನೀರಿಲ್ಲದ ಒಗೆತ

ಟೋಪಿಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಊರಿನ ಇಡೀ ಚರಿತ್ರೆ ಅಗೆಯುವವರ ಆ ಟೋಪಿಯ ನೆರಳಿನಲ್ಲೇ ಮಣ್ಣಿನಿಂದ ಹೊರಬರಬೇಕಾಗಿತ್ತು. ಆದ್ದರಿಂದ ಸಂಗ್ರಹಾಲಯದ ಸ್ವಯಂಸೇವಕ ಸಮಿತಿ ಬಾಗಿಲು ಹಾಕಿಕೊಂಡು, ಫ್ಯಾನು ಜೋರು ಮಾಡಿಕೊಂಡು, ಒಂದಿಡೀ ಮಧ್ಯಾಹ್ನ ಅದನ್ನೇ ಚರ್ಚಿಸಿತು.

ಅಧ್ಯಕ್ಷರು ನಿವೃತ್ತ ಇತಿಹಾಸದ ಮೇಷ್ಟ್ರು. ಅವರದು ಮಣ್ಣಿನ ಬಣ್ಣದ ಟೋಪಿಯ ಪಕ್ಷ. ಅದರಲ್ಲಿ ವಿನಯವಿದೆ ಎಂದರು. ಹಲ್ಲಿನ ಡಾಕ್ಟರದು ನೀಲಿಯ ಪಕ್ಷ. ಮಣ್ಣಿನ ಬಣ್ಣ ಹಾಕಿಕೊಂಡರೆ ಫೋಟೋದಲ್ಲಿ ಗುಂಡಿ ಯಾವುದು, ತಲೆ ಯಾವುದು ತಿಳಿಯುವುದಿಲ್ಲ ಎಂದರು. ನೀಲಿ ಗೆದ್ದಿತು.

ನಿಜವಾದ ತೊಡಕು ಆಮೇಲೆ ಬಂತು. ಮಣ್ಣು ಹೊರಲು ಬರುವ ಕೆಳಗಿನ ಓಣಿಯ ಹೆಂಗಸರಿಗೆ ಟೋಪಿ ಕೊಡಬೇಕೋ ಬೇಡವೋ? ಕೊಟ್ಟರೆ ಸ್ವಯಂಸೇವಕರು ಯಾರು, ಹೊರುವವರು ಯಾರು ಎಂದು ಗೊತ್ತಾಗುವುದು ಹೇಗೆ? ಕೊಡದಿದ್ದರೆ ಭೇದ ಮಾಡಿದ ಹಾಗಾಗುತ್ತದೆ. ಸಮಿತಿ ಭೇದದ ಪರಮ ವಿರೋಧಿ. ಕೊನೆಗೆ ಕಾರ್ಯದರ್ಶಿ ಮೇಡಂ ದಾರಿ ತೋರಿದರು.

"ಪಾಪ, ಅವರ ತಲೆ ಮೇಲೆ ಬುಟ್ಟಿ ಇರುತ್ತಲ್ಲ. ಟೋಪಿ ಹಾಕ್ಕೊಂಡ್ರೆ ಅವರಿಗೇ ತೊಂದರೆ."

ಎಲ್ಲರಿಗೂ ಸಮಾಧಾನವಾಯಿತು. ಭೇದವೂ ಆಗಲಿಲ್ಲ, ಟೋಪಿಯೂ ಉಳಿಯಿತು.

ಅಗೆಯಬೇಕಾದ ಜಾಗ ಸಂಗ್ರಹಾಲಯದ ಹಿಂದೆ, ಇಳಿಜಾರಿನ ಕೆಳಗೆ, ಹಳ್ಳದ ದಂಡೆಯಲ್ಲಿತ್ತು. ಬಟ್ಟೆ ಒಗೆಯುವವರ ಓಣಿಯೂ ಅಲ್ಲೇ. ಊರು ಕೊಳೆ ಮಾಡಿದ್ದೆಲ್ಲ ಗಂಟು ಕಟ್ಟಿಸಿಕೊಂಡು ಆ ಇಳಿಜಾರು ಇಳಿಯುತ್ತದೆ. ಲಾಡ್ಜಿನ ಚಾದರ, ಆಸ್ಪತ್ರೆಯ ಹೊದಿಕೆ, ಹೋಟೆಲಿನ ಮೇಜುಬಟ್ಟೆ. ಬೆಳ್ಳಗಾಗಿ ಮೇಲೆ ಹತ್ತುತ್ತದೆ. ಹೊತ್ತ ತಲೆಯನ್ನು ಯಾರೂ ನೋಡುವುದಿಲ್ಲ. ಬಟ್ಟೆ ನೋಡುತ್ತಾರೆ. ಕಲೆ ಹೋಗಿದೆಯೇ ಎಂದು.

ಕಾರ್ಯಕ್ರಮದ ಹೆಸರು 'ಸಮುದಾಯ ಉತ್ಖನನ'. ಅಂದರೆ ಊರ ಜನರೇ ಊರ ಚರಿತ್ರೆಯನ್ನು ಅಗೆದು ತೆಗೆಯುವುದು. ಸಮುದಾಯ ಎಂದರೆ ಯಾರು ಎಂಬ ಕಠಿಣ ಪ್ರಶ್ನೆಗೂ ಸಮಿತಿ ಉತ್ತರ ಕಂಡುಕೊಂಡಿತ್ತು: ಸಭೆಗೆ ಬಂದವರು. ಸಭೆ ಕೆಲಸದ ದಿನ ನಡುಹಗಲಿಗೆ ಇಟ್ಟಿದ್ದರು. ಆ ಹೊತ್ತಿಗೆ ಓಣಿಯವರು ಮೊಣಕಾಲುದ್ದ ನೀರಿನಲ್ಲಿರುತ್ತಾರೆ. ಬಾರದವರು ಒಪ್ಪಿದ್ದಾರೆ ಎಂದು ತೀರ್ಮಾನವಾಯಿತು.

ಓಣಿಯಲ್ಲಿ ಪಟಪಟಕ್ಕ ಎಂದು ಕರೆಸಿಕೊಳ್ಳುವ ಹೆಂಗಸಿದ್ದಳು. ಒಗೆತದ ಸದ್ದಿಗೆ ಬಂದ ಹೆಸರೋ ಬಾಯಿಯ ಸದ್ದಿಗೋ ಎಂಬ ಬಗ್ಗೆ ಓಣಿಯಲ್ಲಿ ಎರಡು ಅಭಿಪ್ರಾಯ. ಗಂಡ ಸತ್ತಿದ್ದ. ಲಾಡ್ಜಿನ ಬಟ್ಟೆ ಅವಳ ಪಾಲಿನದು. ಒಗೆಯುವ ಸೋಡಾದ ನೀರಿಗೆ ಬೆರಳ ಸಂದುಗಳು ಬಿರಿದಿದ್ದವು. ಬಲ ಭುಜ ಎಡ ಭುಜಕ್ಕಿಂತ ಕೆಳಗಿತ್ತು. ನೆನೆದ ಚಾದರ ಒಂದು ಕರುವಿನಷ್ಟು ತೂಗುತ್ತದೆ. ಅದನ್ನು ಮಡಚಿ, ಹೆಗಲಿನ ಮೇಲಿಂದ ಎತ್ತಿ, ಕಲ್ಲಿಗೆ ಬಡಿಯಬೇಕು. ತಿರುವಿ ಮತ್ತೆ ಬಡಿಯಬೇಕು. ಕೈ ಸೋತಾಗ ಸೊಂಟದಿಂದ ಬಡಿಯಬೇಕು. ಸೊಂಟ ಸೋತಾಗ ಸಿಟ್ಟಿನಿಂದ.

ಅವಳ ಕಲ್ಲು ದಂಡೆಯಲ್ಲಿ ಓರೆಯಾಗಿ ಹೂತಿತ್ತು. ಸೊಂಟದೆತ್ತರ, ನುಣುಪು. ಅತ್ತೆ ಅದರ ಮೇಲೆ ಒಗೆದಿದ್ದಳು, ಅತ್ತೆಯ ಅತ್ತೆಯೂ. ದಂಡೆಯಲ್ಲಿದ್ದ ಬೇರೆ ಕಲ್ಲುಗಳನ್ನು ರಸ್ತೆ ಅಗಲ ಮಾಡುವಾಗ ಗುತ್ತಿಗೆದಾರ ಒಯ್ದಿದ್ದ. ಇದು ಆಳಕ್ಕೆ ಹೂತಿದ್ದರಿಂದ ಅವನಿಗೆ ದಕ್ಕಲಿಲ್ಲ. ಈಗ ಓಣಿಯ ಹೆಂಗಸರೆಲ್ಲ ಸರದಿಯ ಮೇಲೆ ಅದರಲ್ಲೇ ಒಗೆಯುತ್ತಿದ್ದರು. ಮೊದಲ ಸರದಿ ಪಟಪಟಕ್ಕನದು. ಅದನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಕಾರ್ಯದರ್ಶಿ ಮೇಡಂ ಮೊದಲ ದಿನವೇ ಅವಳ ಬಳಿ ಬಂದರು.

"ಬನ್ನಿ ಅಮ್ಮ, ನೀವೂ ಕೈ ಜೋಡಿಸಿ. ನಿಮ್ಮ ಚರಿತ್ರೆನೇ ಅಲ್ವಾ?"

"ಕೂಲಿ ಎಷ್ಟು ಮೇಡಂ?"

"ಅಯ್ಯೋ, ಇದು ಸೇವೆ. ನಾವೂ ಯಾರೂ ಏನೂ ತಗೊಳ್ತಾ ಇಲ್ಲ."

"ನಿಮಗೇನು ತಾಯಿ. ಮಣ್ಣು ಕೆದಕಿದ್ರೂ ಪಿಂಚಣಿ ಬರುತ್ತೆ, ಸುಮ್ಮನೆ ಕೂತ್ರೂ ಬರುತ್ತೆ. ನಾನು ಕೈ ಎತ್ತಿದ್ರೇನೇ ಒಲೆ."

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ."

"ಅಂತಾರೆ. ಕೈ ಯಾರದು, ಬಾಯಿ ಯಾರದು ಅಂತ ಮಾತ್ರ ಹೇಳಲ್ಲ."

ಬೇರೆ ಕೆಲವು ಹೆಂಗಸರು ಬುಟ್ಟಿ ಹೊರಲು ಹೋದರು. ಪಟಪಟಕ್ಕನ ಮೈದುನನ ಮುಖ ನೋಡಿ ಹೋದರು. ಅವನು ಸಂಗ್ರಹಾಲಯದ ಗೇಟು ಕಾಯುತ್ತಿದ್ದ. ಓಣಿಯಲ್ಲಿ ಒಣಗಿದ ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಹೋಗುವ ಗಂಡಸು ಅವನೊಬ್ಬನೇ. ಓಣಿಗೆಲ್ಲ ಅವನ ಮೇಲೆ ಹೆಮ್ಮೆ, ಸ್ವಲ್ಪ ಹೊಟ್ಟೆಕಿಚ್ಚು.

ಅಗೆತ ಶುರುವಾಯಿತು. ನೀಲಿ ಟೋಪಿಗಳು ದಾರ ಕಟ್ಟಿ ಚೌಕ ಮಾಡಿದವು. ಚೌಕದ ಮೇಲಿನ ಗಟ್ಟಿ ಮಣ್ಣನ್ನು ಓಣಿಯವರು ಗುದ್ದಲಿಯಿಂದ ಕಡಿದರು. ಕೆಳಗಿನ ಮೆತ್ತನೆಯ ಮಣ್ಣನ್ನು ಸ್ವಯಂಸೇವಕರು ಬ್ರಷ್ಷಿನಿಂದ ಸವರಿದರು. ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕೊಕ್ಕೆಗಳನ್ನೇ ತಂದಿದ್ದರು. ಭೂಮಿ ಬಾಯಿ ತೆರೆದು ಮಲಗಿರುವ ಹಾಗೆ ಅದರ ಮೇಲೆ ಬಾಗಿ ಕೂರುತ್ತಿದ್ದರು. "ನೋವಾದ್ರೆ ಕೈ ಎತ್ತಿ ಅಂತ ಹೇಳ್ತಾರೇನೋ ನೋಡು" ಎಂದು ಬುಟ್ಟಿಯ ಹೆಂಗಸರು ನಕ್ಕರು.

ಸಿಕ್ಕಿದ್ದು ಒಂದು ಷರ್ಟಿನ ಗುಂಡಿ, ಔಷಧಿ ಬಾಟಲಿಯ ಕುತ್ತಿಗೆ, ಮಡಕೆಯ ಚೂರುಗಳು, ಒಂದು ಮೂಳೆ. ಮೂಳೆ ನೋಡಿ ಎಲ್ಲರೂ ಟೋಪಿ ತೆಗೆದು ಮೌನವಾಗಿ ನಿಂತರು. ಅದು ನಾಯಿಯದೆಂದು ಆಮೇಲೆ ತಿಳಿಯಿತು. ಇತ್ತ ಅನುದಾನ ಕೊಟ್ಟ ಸಂಸ್ಥೆಯಿಂದ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು. ಅವರಿಗೆ ಗುಂಡಿ ತೋರಿಸಿ ಕಳಿಸುವಂತಿರಲಿಲ್ಲ.

ಪಟಪಟಕ್ಕ ಪಕ್ಕದಲ್ಲೇ ಒಗೆಯುತ್ತಿದ್ದಳು. ಸೋಪಿನ ನೀರು ಚೌಕಕ್ಕೆ ಹಾರುತ್ತಿತ್ತು.

"ಅಮ್ಮ, ಸ್ವಲ್ಪ ನಿಧಾನ. ಇಲ್ಲಿ ಪುರಾತನ ಪದರ ಇದೆ" ಎಂದರು ಮೇಷ್ಟ್ರು.

"ಇಲ್ಲಿ ಲಾಡ್ಜಿನ ಚಾದರ ಇದೆ ಸ್ವಾಮಿ. ಅದರ ಪದರ ನೋಡಿದ್ರೆ ನಿಮಗೆ ಊಟ ಸೇರಲ್ಲ."

ನೀರು ತಮ್ಮ ಚೌಕಕ್ಕೆ ಬರದಂತೆ ಕಲ್ಲಿನ ಬುಡದಲ್ಲಿ ಒಂದು ಕಾಲುವೆ ತೋಡಿಸಲು ಮೇಷ್ಟ್ರು ಹೇಳಿದರು. ತೋಡಿದಾಗ ಕಲ್ಲಿನ ಹೂತ ಭಾಗದಲ್ಲಿ ಬಳ್ಳಿಯ ಕೆತ್ತನೆ ಕಂಡಿತು. ಬಳ್ಳಿಯ ಕೆಳಗೆ ಹಂಸಗಳ ಸಾಲು. ಯಾವುದೋ ಕಾಲದ ದೊಡ್ಡ ಕಂಬ ಅದು. ಮೇಷ್ಟ್ರು ಸೋಪಿನ ಕೆಸರಿನಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿಬಿಟ್ಟರು. ಎದ್ದಾಗ ಕಣ್ಣಲ್ಲಿ ನೀರಿತ್ತು.

"ಕಂಡುಹಿಡಿದೆವು!" ಎಂದು ಕೂಗಿದರು. "ಕೊನೆಗೂ ಕಂಡುಹಿಡಿದೆವು!"

ಪಟಪಟಕ್ಕ ಕೈಯಲ್ಲಿ ಹಿಂಡುತ್ತಿದ್ದ ಚಾದರವನ್ನು ಹಾಗೇ ಹಿಡಿದು ನಿಂತಳು.

"ಕಳೆದುಹೋಗಿತ್ತಾ? ನಾನು ನಿನ್ನೆನೂ ಇದರ ಮೇಲೇ ಒಗೆದೆನಲ್ಲ."

ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಕಲ್ಲಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವಳನ್ನು ಸ್ವಲ್ಪ ಸರಿಯಲು ಹೇಳಿದರು. ಸರಿದಳು. ಇನ್ನೂ ಸ್ವಲ್ಪ, ಎಂದರು.

ಕಲ್ಲನ್ನು ಮೇಲಕ್ಕೆ ಸಾಗಿಸಿದ್ದು ಓಣಿಯ ಗಂಡಸರು. ಸರಪಳಿ ಬಿಗಿದು, ಮರದ ತುಂಡುಗಳ ಮೇಲೆ ಉರುಳಿಸಿ, ಇಳಿಜಾರು ಹತ್ತಿಸಿದರು. ಮೈದುನನೂ ಸಮವಸ್ತ್ರ ಬಿಚ್ಚಿಟ್ಟು ಹೆಗಲು ಕೊಟ್ಟ. ಅರ್ಧ ದಾರಿಯಲ್ಲಿ ಒಬ್ಬ ಜಾರಿ ಬಿದ್ದ. ಅವನ ಕಾಲಿನ ಪಕ್ಕದಲ್ಲೇ ಕಂಬ ಹೊರಳಿತು.

"ಹುಷಾರು, ಕಲ್ಲು!" ಎಂದರು ಮೇಷ್ಟ್ರು.

ಪಟಪಟಕ್ಕ ಕಾರ್ಯದರ್ಶಿ ಮೇಡಂ ಎದುರು ಹೋಗಿ ನಿಂತಳು. "ನಾಳೆ ಎಲ್ಲಿ ಒಗೀಲಿ?"

"ಯೋಚನೆ ಮಾಡಬೇಡಿ. ನಿಮ್ಮನ್ನ ಮರೆತಿಲ್ಲ. ಇದನ್ನ ಬರೀ ಕೆತ್ತನೆ ಅಂತ ಇಡ್ತಾ ಇಲ್ಲ ನಾವು. 'ಶ್ರಮದ ಶಿಲೆ' ಅಂತ ಇಡ್ತೀವಿ. ನಿಮ್ಮ ದುಡಿಮೆಗೆ ಗೌರವ."

"ಗೌರವದ ಮೇಲೆ ಬಟ್ಟೆ ಒಗೆಯಕ್ಕಾಗಲ್ಲ ಮೇಡಂ."

ಮೇಡಂ ನಕ್ಕರು. ಎಷ್ಟು ಸೊಗಸಾಗಿ ಮಾತಾಡುತ್ತಾಳೆ ಎಂದು ಡಾಕ್ಟರಿಗೆ ಹೇಳಿದರು.

ದಂಡೆಯಲ್ಲಿ ಪುರಸಭೆ ಕಟ್ಟಿಸಿದ್ದ ಒಂದು ಸಿಮೆಂಟಿನ ಕಟ್ಟೆ ಉಳಿದಿತ್ತು. ಮೊಣಕಾಲಿನೆತ್ತರ, ಉಪ್ಪುಕಾಗದದಂತೆ ಒರಟು. ಅಲ್ಲಿ ಬಡಿಯಲು ಬೆನ್ನನ್ನು ಎರಡಾಗಿ ಮಡಚಬೇಕು. ಪಟಪಟಕ್ಕ ಮಡಚಿದಳು. ರಾತ್ರಿ ಮಲಗಿದರೆ ಬೆನ್ನು ಬಿಚ್ಚುತ್ತಿರಲಿಲ್ಲ. ಬಟ್ಟೆಯ ಅಂಚುಗಳು ಹರಿದವು. ಲಾಡ್ಜಿನ ಮ್ಯಾನೇಜರು ಒಂದು ಚಾದರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನಮ್ಮ ಇದು, ಚಾದರನಾ ಜರಡಿನಾ?" ಎಂದ. ಇನ್ನೊಂದು ಹರಿದರೆ ಗಂಟು ಮೆಷಿನ್ನಿಗೆ ಹೋಗುತ್ತದೆ ಎಂದ. ಓಣಿಯ ಮತ್ತಿಬ್ಬರಿಗೆ ಆಸ್ಪತ್ರೆಯವರು ಅದನ್ನೇ ಹೇಳಿದ್ದರು.

ಅವಳು ಸಂಗ್ರಹಾಲಯಕ್ಕೆ ಹೋದಳು. ಮೇಷ್ಟ್ರು ಕೂರಿಸಿದರು. ನೀರು ಕೊಟ್ಟರು.

"ನೋಡಿ ಅಮ್ಮ, ಉದ್ಘಾಟನೆ ದಿನ ನೀವು ಒಗೆಯೋದನ್ನ ಅತಿಥಿಗಳಿಗೆ ತೋರಿಸಬೇಕು. ಆಮೇಲೂ ವಾರಕ್ಕೊಂದು ಸಲ, ಜನಕ್ಕೆ. ನೀವೂ ನಮ್ಮ ಸ್ವಯಂಸೇವಕರಾದ ಹಾಗೆ."

"ನನ್ನ ಕಲ್ಲು?"

"ನಿಮಗೆ ಬೇರೆ ಕಲ್ಲು ಹಾಕಿಸೋ ವಿಷಯ ಇದೆಯಲ್ಲ, ಅದನ್ನ ಸಮಿತಿ ಸಹಾನುಭೂತಿಯಿಂದ ನೋಡುತ್ತೆ."

"ಕೊಡ್ತೀರಾ, ಇಲ್ವಾ?"

"ಕೊಡಲ್ಲ ಅಂತ ನಾನು ಹೇಳಿಲ್ಲವಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಮೇಷ್ಟ್ರಿಗೆ ಮೂವತ್ತು ವರ್ಷದ ಅನುಭವವಿತ್ತು. ಗೇಟಿನ ಹತ್ತಿರ ಮೈದುನ ಕಾದಿದ್ದ.

"ಒಪ್ಕೊಂಡುಬಿಡಿ ಅತ್ತಿಗೆ. ಒಂದು ದಿನದ ಮಾತು. ಅತಿಥಿ ಮುಂದೆ ಕೇಳಿದ್ರೆ ಇಲ್ಲ ಅನ್ನಕ್ಕಾಗಲ್ಲ ಅವರಿಗೆ. ನನ್ನ ಕೆಲಸನೂ ನೋಡಿ ಸ್ವಲ್ಪ."

ಅವಳು ಒಪ್ಪಿದಳು.

ತಾಲೀಮಿಗೆ ಕರೆದರು. ಕಲ್ಲು ದೊಡ್ಡ ಹಜಾರದ ನಡುವೆ, ಮರದ ಪೀಠದ ಮೇಲೆ, ಹಳ್ಳದಲ್ಲಿದ್ದಂತೆಯೇ ಓರೆಯಾಗಿ ಮಲಗಿತ್ತು. ಸುತ್ತ ಹಗ್ಗ. 'ಮುಟ್ಟಬೇಡಿ' ಎಂಬ ಫಲಕ. ಮೇಲಿನಿಂದ ಹಳದಿ ದೀಪ. ಕಲ್ಲನ್ನು ಯಾವುದೋ ಔಷಧಿಯಿಂದ ತೊಳೆದು ಒಣಗಿಸಿದ್ದರು. ಆಯುಷ್ಯದಲ್ಲಿ ಮೊದಲ ಸಲ ಒಣಗಿದ ಕಲ್ಲು ಪರವೂರಿನ ನೆಂಟರ ಹಾಗೆ ಕಾಣುತ್ತಿತ್ತು.

"ನೀರೆಲ್ಲಿ?" ಎಂದಳು ಪಟಪಟಕ್ಕ.

"ನೀರು ಬೇಡ. ಕೆತ್ತನೆಗೆ ಒಳ್ಳೇದಲ್ಲ" ಎಂದರು ಡಾಕ್ಟರು.

"ಸೋಪು?"

"ಸೋಪು ಖಂಡಿತ ಬೇಡ."

"ಕೊಳೆ ಬಟ್ಟೆ?"

ಕಾರ್ಯದರ್ಶಿ ಮೇಡಂ ಚೀಲದಿಂದ ತಮ್ಮ ಮನೆಯ ಬಿಳಿ ಚಾದರ ತೆಗೆದರು. ಒಗೆದದ್ದು, ಇಸ್ತ್ರಿಯಾದದ್ದು. ಮಡಿಕೆ ಇನ್ನೂ ಚೂಪಾಗಿತ್ತು. "ಅತಿಥಿಗಳ ಎದುರು ವಾಸನೆ ಬರಬಾರದಲ್ಲ."

ಬಟ್ಟೆ ಕಲ್ಲಿಗೆ ತಾಗಬಾರದು ಎಂಬುದು ಕೊನೆಯ ನಿಯಮ. ಎತ್ತಬೇಕು, ಬೀಸಬೇಕು, ಒಂದು ಗೇಣು ಮೇಲೆ ನಿಲ್ಲಿಸಬೇಕು. ಸದ್ದಿಗೆ ಚಿಂತೆಯಿಲ್ಲ. ಅವಳು ಹಳ್ಳದಲ್ಲಿ ಒಗೆಯುವಾಗಲೇ ಡಾಕ್ಟರು ಮೊಬೈಲಿನಲ್ಲಿ ಸದ್ದು ಹಿಡಿದಿಟ್ಟಿದ್ದರು. ಪೀಠದ ಹಿಂದಿನ ಸ್ಪೀಕರಿನಿಂದ ಅದು ಬಂತು. ಪಟ್, ಪಟ್. ನಡುವೆ ಅವಳದೇ ಏದುಸಿರು.

"ಇದಕ್ಕೆ ಸರಿಯಾಗಿ ಕೈ ಆಡಿಸಿ."

ಅವಳು ಆಡಿಸಿದಳು. ಹೊಡೆತ ಅರ್ಧಕ್ಕೆ ತಡೆಯುವುದು ಹೊಡೆಯುವುದಕ್ಕಿಂತ ಕಷ್ಟ. ಭುಜದ ಕೀಲು ಕಿತ್ತು ಬಂದಂತಾಯಿತು.

"ಸ್ವಲ್ಪ ಬಗ್ಗಿ." ಬಗ್ಗಿದಳು.

"ಚಪ್ಪಲಿ ಬೇಡ. ಪ್ಲಾಸ್ಟಿಕ್ಕಿನದು." ಬಿಟ್ಟಳು.

"ಮುಖದಲ್ಲಿ ದಣಿವು ಕಾಣಬೇಕು. ಆದರೆ ನೆಮ್ಮದಿನೂ ಇರಬೇಕು."

"ಎರಡೂ ಒಟ್ಟಿಗೆ ಇರೋ ಮುಖ ನಮ್ಮ ಓಣೀಲಿ ಇಲ್ಲ ಮೇಡಂ. ನಿಮ್ಮದೇ ಕೊಡಿ."

ಮೈದುನ ಗೇಟಿನಿಂದ ನೋಡಿದ. ಕಣ್ಣು ತಗ್ಗಿಸಿದ.

ಉದ್ಘಾಟನೆಯ ದಿನ ಹಜಾರ ತುಂಬಿತ್ತು. ಪಟಪಟಕ್ಕ ಒಬ್ಬಳೇ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಬಂದರು. ಗಂಟುಗಳನ್ನೂ ಬಕೆಟ್ಟುಗಳನ್ನೂ ತಂದರು. ಕಾರ್ಯಕ್ರಮದ ಅಂಗವಿರಬೇಕೆಂದು ಅತಿಥಿಯ ಕಾರಿನ ಚಾಲಕ ದಾರಿ ಬಿಡಿಸಿಕೊಟ್ಟ. ಹೆಂಗಸರು ಬಾಗಿಲ ಹೊರಗೆ ಜಗಲಿಯಲ್ಲಿ ಕೂತರು.

ಮೇಷ್ಟ್ರು ಶ್ರಮದ ಬಗ್ಗೆ ದೀರ್ಘವಾಗಿ ಮಾತಾಡಿದರು. ಮಾತು ಮುಗಿದಾಗ ಎರಡು ಸಲ ನೀರು ಕುಡಿದರು. ಅತಿಥಿ ಎದ್ದು ಪರದೆ ಸರಿಸಿದರು. ಚಪ್ಪಾಳೆ. ಪಟಪಟಕ್ಕನನ್ನು ಹಗ್ಗದೊಳಗೆ ಕರೆದರು.

ಅವಳು ಅತಿಥಿಯ ಕಡೆಗೆ ತಿರುಗಿದಳು.

"ಸ್ವಾಮಿ, ಒಂದು ಮಾತು. ಈ ಕಲ್ಲು ಹೋದಾಗಿಂದ ನಮಗೆ ಒಗೆಯಕ್ಕೆ ಕಲ್ಲಿಲ್ಲ. ಬೇರೆ ಕಲ್ಲು ಕೊಡಲ್ಲ ಅಂತ ಇವರು ಅಂದಿಲ್ಲ. ಯಾವಾಗ ಅಂತ ನಿಮ್ಮ ಮುಂದೆ ಹೇಳಲಿ."

ಅತಿಥಿ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಮುಗುಳ್ನಕ್ಕರು. "ಅದು ಪರಿಶೀಲನೆಯಲ್ಲಿದೆ. ಇವತ್ತು ಸಂತೋಷದ ದಿನ. ಶುರು ಮಾಡಿ ಅಮ್ಮ."

ಡಾಕ್ಟರು ಗುಂಡಿ ಒತ್ತಿದರು. ಸ್ಪೀಕರು ಒಗೆಯತೊಡಗಿತು. ಪಟ್, ಪಟ್, ಏದುಸಿರು, ಪಟ್.

ಪಟಪಟಕ್ಕ ಕೈಕಟ್ಟಿ ನಿಂತಳು.

"ಎತ್ತಿ" ಎಂದು ಕಾರ್ಯದರ್ಶಿ ಮೇಡಂ ಪಿಸುಗುಟ್ಟಿದರು.

ಎತ್ತಲಿಲ್ಲ. ಸದ್ದು ನಡೆಯುತ್ತಲೇ ಇತ್ತು. ಹಜಾರವೆಲ್ಲ ಅವಳ ಉಸಿರಾಟ. ಅವಳು ಮಾತ್ರ ಉಸಿರು ಬಿಗಿಹಿಡಿದಿದ್ದಳು.

"ಅಮ್ಮ, ಎತ್ತಿ! ಎಲ್ಲರೂ ನೋಡ್ತಿದಾರೆ."

"ಅದೇ ಒಗೀತಾ ಇದೆಯಲ್ಲ ಮೇಡಂ. ಒಗೀಲಿ. ನಾನ್ಯಾಕೆ?"

ಡಾಕ್ಟರು ಗಾಬರಿಯಲ್ಲಿ ಬೇರೆ ಗುಂಡಿ ಒತ್ತಿದರು. ಸದ್ದು ಇನ್ನೂ ಜೋರಾಯಿತು.

ಪಟಪಟಕ್ಕ ಇಸ್ತ್ರಿಯ ಚಾದರವನ್ನು ಮೇಡಂ ಕೈಗೆ ಕೊಟ್ಟಳು. ಹಗ್ಗ ಕಳಚಿದಳು. ಬಾಗಿಲ ಕಡೆ ನೋಡಿ, "ತನ್ರೇ" ಎಂದಳು. ಹೆಂಗಸರು ಬಂದರು. ಬಕೆಟ್ಟು ಕಲ್ಲಿನ ಮೇಲೆ ಬೋರಲಾಯಿತು. ಲಾಡ್ಜಿನ ಗಂಟು ಬಿಚ್ಚಿತು. ಆಸ್ಪತ್ರೆಯ ಗಂಟೂ ಬಿಚ್ಚಿತು. ಮುಂದಿನ ಸಾಲಿನವರು ಮೂಗಿಗೆ ಕರವಸ್ತ್ರ ಹಿಡಿದರು. ಅವಳು ನೆನೆದ ಚಾದರವನ್ನು ಹೆಗಲ ಮೇಲಿಂದ ಎತ್ತಿ, ತಡೆಯದೆ ಬಡಿದಳು. ನೀರು ಅತಿಥಿಯ ಕನ್ನಡಕದವರೆಗೆ ಹಾರಿತು.

ಅತಿಥಿ ಕನ್ನಡಕ ಒರೆಸಿಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಅದ್ಭುತ! ಎಷ್ಟು ನೈಜವಾಗಿ ಮಾಡ್ತಾರೆ!"

ಹಜಾರವೆಲ್ಲ ಚಪ್ಪಾಳೆ ತಟ್ಟಿತು. ಮೇಷ್ಟ್ರೂ ತಟ್ಟಿದರು.

ಪಟಪಟಕ್ಕ ನಿಲ್ಲಿಸಿ ಚಪ್ಪಾಳೆ ಮುಗಿಯುವವರೆಗೂ ಕಾದಳು.

"ಇದು ಆಟ ಅಲ್ಲ ಸ್ವಾಮಿ. ಇವತ್ತಿನ ಬಟ್ಟೆ ಇದು. ಸಂಜೆ ಲಾಡ್ಜಿಗೆ ಹೋಗಬೇಕು. ನಾಳೇದು ನಾಳೆ ತರ್ತೀವಿ."

ತಂದರು. ಬೆಳಗ್ಗೆ ಸಂಗ್ರಹಾಲಯ ತೆರೆಯುವ ಹೊತ್ತಿಗೆ ಗಂಟು ಹೊತ್ತು ಸಾಲಾಗಿ ಬಂದರು. ಕಾರ್ಯದರ್ಶಿ ಮೇಡಂ ಓಡಿ ಬಂದು ಮೈದುನನಿಗೆ ಗೇಟು ಹಾಕಲು ಹೇಳಿದರು. ಅವನು ಅತ್ತಿಗೆಯ ಮುಖ ನೋಡಿದ. ಸೋಡಾದಲ್ಲಿ ನೆನೆಸಿ ತಲೆಯ ಮೇಲೆ ಹೊತ್ತ ಗಂಟಿನಿಂದ ನೀರು ಅವಳ ಕುತ್ತಿಗೆಗೆ ಇಳಿಯುತ್ತಿತ್ತು.

"'ಪ್ರವೇಶ ಉಚಿತ, ಎಲ್ಲರಿಗೂ ಸ್ವಾಗತ' ಅಂತ ಬೋರ್ಡು ನೀವೇ ಬರೆಸಿದ್ದು ಮೇಡಂ" ಎಂದ ಮೈದುನ. "ನಾನು ಹೇಗೆ ಹಾಕಲಿ?"

ಗೇಟು ಪೂರ್ತಿ ತೆಗೆದ.

ಮೊದಮೊದಲು ಸಮಿತಿಗೆ ಬೇಸರವಾಗಲಿಲ್ಲ. ಒಗೆತ ನೋಡಲು ಜನ ಬಂದರು. ಸಂಗ್ರಹಾಲಯಕ್ಕೆ ಹಿಂದೆಂದೂ ಅಷ್ಟು ಜನ ಬಂದದ್ದಿಲ್ಲ. ಆಮೇಲೆ ಹೆಂಗಸರು ಹಜಾರದಲ್ಲೇ ಬಟ್ಟೆ ಹರವಿದರು. ಗಾಜಿನ ಪೆಟ್ಟಿಗೆಗಳ ಮೇಲೆ ಆಸ್ಪತ್ರೆಯ ಹೊದಿಕೆ ಒಣಗಿತು. ಹಳೆಯ ಅರಸನೊಬ್ಬನ ಖಡ್ಗಕ್ಕೆ ಹೋಟೆಲಿನ ಮೇಜುಬಟ್ಟೆ ಜೋತುಬಿತ್ತು. ಸೋಪಿನ ನೀರು ಸಮಿತಿಯ ಕೋಣೆಯ ಬಾಗಿಲಡಿ ನುಗ್ಗಿತು. ಪೊಲೀಸರನ್ನು ಕರೆಯೋಣ ಎಂದರು ಡಾಕ್ಟರು. ಶ್ರಮದ ಶಿಲೆಯ ಮೇಲೆ ಶ್ರಮ ಮಾಡಿದ್ದಕ್ಕೆ ಹಿಡಿಸಿದರೆ ಅತಿಥಿಗೆ ಏನು ಹೇಳುವುದು ಎಂದರು ಮೇಷ್ಟ್ರು.

ನೆಲ ಒರೆಸುತ್ತಿದ್ದ ಹೆಂಗಸೂ ಕೆಳಗಿನ ಓಣಿಯವಳೇ. ಅವಳು ಹುಷಾರಿಲ್ಲವೆಂದು ಬರುವುದು ಬಿಟ್ಟಳು. ಒರೆಸುವ ಕೆಲಸ ಸ್ವಯಂಸೇವಕರಿಗೆ ಬಂತು. ಡಾಕ್ಟರು ಪ್ಯಾಂಟು ಮಡಚಿ ಒಂದು ದಿನ ಒರೆಸಿದರು. ಮೇಡಂ ಇನ್ನೊಂದು ದಿನ.

"ಕೆಳಗೆ ಬಗ್ಗಿ ಒರೆಸಿ ಮೇಡಂ, ಮೂಲೆಯಲ್ಲಿ ನಿಲ್ಲುತ್ತೆ" ಎಂದಳು ಪಟಪಟಕ್ಕ, ಬಡಿಯುವುದನ್ನು ನಿಲ್ಲಿಸದೆ. "ಸೇವೆ ಅಂದ್ರೆ ಬೆನ್ನು ಕೇಳುತ್ತೆ."

ಮರುದಿನ ಮೇಡಂಗೆ ಸೊಂಟ ನೋವು. ಡಾಕ್ಟರಿಗೆ ರೋಗಿಗಳು ಹೆಚ್ಚಾದರು. ನೀಲಿ ಟೋಪಿಗಳು ಒಂದೊಂದಾಗಿ ಕಣ್ಮರೆಯಾದವು. ಕೊನೆಗೆ ಮೇಷ್ಟ್ರು ಒಬ್ಬರೇ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಹಂಸಗಳ ಸಾಲಿನ ಮುಂದೆ ನಿಂತಿದ್ದರು. ಹಂಸಗಳು ನೊರೆಯಲ್ಲಿ ಮುಳುಗಿದ್ದವು.

ಸಮಿತಿ ಕೊನೆಯ ಸಲ ಸೇರಿತು. ಪುರಾತನ ವಸ್ತುವನ್ನು ಅದರ ಮೂಲ ಪರಿಸರದಲ್ಲೇ ಉಳಿಸುವುದು ಆಧುನಿಕ ವಿಧಾನವೆಂದೂ, ಈ ದಿಟ್ಟ ಹೆಜ್ಜೆಯನ್ನು ತಾನು ಸ್ವಂತ ಇಚ್ಛೆಯಿಂದ ಇಡುತ್ತಿರುವುದಾಗಿಯೂ ಠರಾವು ಮಾಡಿತು. ಅತಿಥಿಯ ಸಂಸ್ಥೆ ಅದನ್ನು ಮೆಚ್ಚಿ ಅನುದಾನ ಹೆಚ್ಚಿಸಿತು. ಅದೇ ಸಭೆಯಲ್ಲಿ, ಆಜ್ಞೆ ಮೀರಿ ಗೇಟು ತೆಗೆದವನ ವಿಷಯವೂ ಇತ್ತು. ಅದಕ್ಕೆ ಚರ್ಚೆ ಬೇಕಾಗಲಿಲ್ಲ.

ಕಲ್ಲು ಹಳ್ಳದ ದಂಡೆಗೆ ವಾಪಸು ಬಂತು. ಮೈದುನನ ಕೆಲಸ ಹೋಯಿತು. ಈಗ ಅವನೂ ಒಗೆಯುತ್ತಾನೆ.